ಮರಳ ದಿಬ್ಬದ ಮೇಲೊಂದು ದಿನ

ಹಾಲೆಂಡಿನ ಹೇಗ್ ನಗರದಲ್ಲಿ ಜೇಸ್ತ್ರಾತ್ ಎಂಬುದೊಂದು ಬೀದಿ. 'ಕಡಲ ಬೀದಿ' ಎಂದು ಅದರ ಅರ್ಥ. ಅಲ್ಲಿ ನಿಂತು ನೋಡಿದರೆ ಕಡಲೇನೂ ಕಾಣದು. ಟ್ರಾಮು, ಸೈಕಲ್ಲು, ಅಂಗಡಿಗಳ ಸಾಲು, ಇವೇ. ನಿಜವಾದ ಕಡಲು ಅಲ್ಲಿಂದ ಕೆಲವು ಕಿಲೋಮೀಟರುಗಳಾಚೆ, ಸ್ಖೇವೆನಿಂಗನ್ ಎಂಬ ಊರಿನಲ್ಲಿದೆ. ಆದರೆ ಈ ಬೀದಿಯ 65ನೆಯ ನಂಬರಿನ ಕಟ್ಟಡವನ್ನು ಹೊಕ್ಕು, ಚೀಟಿ ಕೊಂಡು, ಕತ್ತಲೆಯ ಓಣಿಯೊಂದನ್ನು ದಾಟಿ ಮೆಟ್ಟಿಲೇರಿದವರಿಗೆ ಕಡಲು ಅಲ್ಲಿಯೇ ದೊರೆಯುತ್ತದೆ. ಅದು 1881ನೆಯ ಇಸವಿಯ ಕಡಲು.

ಕಳೆದ ಮೇ ತಿಂಗಳಿನ ಒಂದು ಶನಿವಾರ ನಾವು ಐದು ಮಂದಿ ಅಲ್ಲಿಗೆ ಹೋಗಿದ್ದೆವು. ಆಮ್‌ಸ್ಟರ್‌ಡಾಮಿಗೆ ತಗಲಿಕೊಂಡಿರುವ ಆಮ್‌ಸ್ಟೆಲ್ವೇನ್ ಊರಿನಲ್ಲಿ ಈಗ ಕನ್ನಡದ ಮನೆಗಳು ಬಹಳ. ನಮ್ಮ ಗುಂಪಿನ ಇಂಜಿನಿಯರ್ ಮಹಾಶಯರ ಮನೆಯೂ ಅಲ್ಲಿಯೇ. ಉಳಿದವರೆಂದರೆ, ಮಕ್ಕಳ ಮನೆಗೆ ಬಂದಿದ್ದ ಮೇಷ್ಟರು, ಅವರ ಪತ್ನಿಯಾದ ನಮ್ಮೆಲ್ಲರ ಅತ್ತಿಗೆ, ಕಾರವಾರದ ಕಡೆಯ ಗೆಳೆಯರೊಬ್ಬರು, ಮತ್ತು ನಾನು.

ಎಲ್ಲಿಗೆ ಹೋಗಬೇಕೆಂಬುದರ ಬಗ್ಗೆ ಹಿಂದಿನ ರಾತ್ರಿ ಸಣ್ಣದೊಂದು ಯುದ್ಧವೇ ನಡೆದಿತ್ತು. ಇಂಜಿನಿಯರರ ಮನಸ್ಸು ಆಮ್‌ಸ್ಟರ್‌ಡಾಮಿನ 'ಫಬ್ರೀಕ್ ದೆ ಲ್ಯೂಮಿಯೇರ್' ಎಂಬ ಬೆಳಕಿನ ಪ್ರದರ್ಶನದ ಮೇಲೆ. ಹಳೆಯ ಅನಿಲ ಕಾರ್ಖಾನೆಯೊಂದರ ಆವರಣದಲ್ಲಿ 2022ರಲ್ಲಿ ತೆರೆದದ್ದು ಅದು. ನೋಡುವವನು ಚಿತ್ರದ ಮುಂದೆ ನಿಲ್ಲುವುದಿಲ್ಲ, ಚಿತ್ರದೊಳಗೆ ನಡೆಯುತ್ತಾನೆ, ಗೋಡೆ, ನೆಲ, ಕಂಬ ಎಲ್ಲವೂ ಬಣ್ಣದಲ್ಲಿ ಹರಿಯುತ್ತವೆ, ಜೊತೆಗೆ ಸಂಗೀತ. ಇಂತಹ ಪ್ರದರ್ಶನಗಳು ಈಚೆಗೆ ನಮ್ಮ ದೇಶದ ದೊಡ್ಡ ನಗರಗಳಿಗೂ ಬಂದು ಹೋಗಿರುವುದನ್ನು ಓದುಗರು ಬಲ್ಲರು.

"ಚಿತ್ರದೊಳಗೆ ಹೋಗಬೇಕೆಂದಿದ್ದರೆ ಅದನ್ನು ಮೊದಲು ಮಾಡಿದವರ ಮನೆಗೇ ಹೋಗೋಣ. ವಿದ್ಯುತ್ತೂ ಬೇಡ, ಯಂತ್ರವೂ ಬೇಡ, ಬಟ್ಟೆಯ ಮೇಲೆ ಬಣ್ಣ ಅಷ್ಟೆ" ಎಂದರು ಮೇಷ್ಟರು.

"ಬಟ್ಟೆಯ ಮೇಲಿನ ಬಣ್ಣ ನೋಡಲು ಇಷ್ಟು ದೂರ ಹೋಗಬೇಕೆ ಮೇಷ್ಟರೇ?" ಎಂದು ಇಂಜಿನಿಯರು ನಕ್ಕರು. ಕೊನೆಗೆ ಅತ್ತಿಗೆಯವರು, "ಅಲ್ಲಿಗೆ ಹೋದರೆ ಸಮುದ್ರವನ್ನೂ ನೋಡಬಹುದಲ್ಲವೇ?" ಎಂದು ಕೇಳಿದ್ದರಿಂದ ತೀರ್ಮಾನ ತಾನಾಗಿ ಆಯಿತು. ಬೆಳಿಗ್ಗೆ ಚಪಾತಿ ಪಲ್ಯ, ಚಿತ್ರಾನ್ನದ ಡಬ್ಬಿಗಳೊಂದಿಗೆ ರೈಲು ಹತ್ತಿದೆವು. ಕಿಟಕಿಯಾಚೆ ಹುಲ್ಲುಗಾವಲು, ದಾರ ಹಿಡಿದು ಗೆರೆ ಎಳೆದಂತಹ ಕಾಲುವೆಗಳು, ಕಪ್ಪು ಬಿಳುಪಿನ ಹಸುಗಳು. ಮುಕ್ಕಾಲು ಗಂಟೆಯ ದಾರಿ. ಹೇಳಿಕೊಳ್ಳುವಂತಹುದು ಬೇರೇನೂ ನಡೆಯಲಿಲ್ಲ.

ಕಟ್ಟಡ ಹೊರಗಿನಿಂದ ಸಾಧಾರಣವಾದುದೇ. ಮುಂದಿನ ಕೋಣೆಗಳಲ್ಲಿ ಚೌಕಟ್ಟು ಹಾಕಿದ ಕಡಲ ಚಿತ್ರಗಳು ತೂಗಿವೆ. ಅವನ್ನು ನೋಡುತ್ತ ಮುಂದುವರಿದರೆ ಬೆಳಕು ಕಡಿಮೆಯಾಗುತ್ತ ಹೋಗಿ ಒಂದು ಕತ್ತಲೆಯ ಓಣಿ ಬರುತ್ತದೆ. ಇದು ಬೇಕೆಂದೇ ಮಾಡಿದ ಏರ್ಪಾಡು. ಹೊರಗಿನ ಬೀದಿಯ ಬೆಳಕನ್ನು ಕಣ್ಣು ಅಲ್ಲಿ ಮರೆಯಬೇಕು. ಓಣಿಯ ಕೊನೆಗೆ ಮೆಟ್ಟಿಲು. ಮೆಟ್ಟಿಲೇರಿ ತಲೆ ಎತ್ತಿದಾಗ ನಾವು ಒಂದು ಮರಳ ದಿಬ್ಬದ ನೆತ್ತಿಯ ಮೇಲೆ, ಮರದ ಅಟ್ಟಣೆಯೊಂದರಲ್ಲಿ ನಿಂತಿದ್ದೆವು. ಸುತ್ತಲೂ ಬಯಲು. ಒಂದು ಕಡೆ ಬೂದುಬಣ್ಣದ ಕಡಲು, ಮರಳಿನ ಮೇಲಕ್ಕೆ ಎಳೆದು ನಿಲ್ಲಿಸಿದ ದೋಣಿಗಳು, ಕುದುರೆ ಏರಿದ ಸಿಪಾಯಿಗಳ ಒಂದು ತುಕಡಿ. ಹಾಗೆಯೇ ತಿರುಗಿದರೆ ಹುಲ್ಲು ಬೆಳೆದ ದಿಬ್ಬಗಳು. ಮತ್ತೂ ತಿರುಗಿದರೆ ಕೆಂಪು ಹೆಂಚಿನ ಮನೆಗಳ ಹಳ್ಳಿ, ಅದರ ಇಗರ್ಜಿಯ ಗೋಪುರ, ದೀಪಸ್ತಂಭ. ಮಸುಕು ಮಸುಕಾಗಿ ದೂರದಲ್ಲಿ ಹೇಗ್ ನಗರ. ಮತ್ತೆ ಕಡಲು. ಎಲ್ಲಿಯೂ ಅಂಚಿಲ್ಲ, ಮೂಲೆಯಿಲ್ಲ, ಚೌಕಟ್ಟಿಲ್ಲ.

ಇಂಜಿನಿಯರರು ಕೈಯಲ್ಲಿದ್ದ ಕ್ಯಾಮೆರಾ ಮರೆತು ಒಂದು ಸುತ್ತು ಬಂದರು. ಅನಂತರ, ಆ ವೃತ್ತಿಯವರ ಸ್ವಭಾವದಂತೆ, ಇದು ಹೇಗೆ ಆಗುತ್ತದೆ ಎಂದು ಹುಡುಕತೊಡಗಿದರು. ಅವರು ಹುಡುಕಿ ತೋರಿಸಿದ್ದನ್ನು ಹೇಳುತ್ತೇನೆ. ಚಿತ್ರದ ಎತ್ತರ 14 ಮೀಟರು, ಎಂದರೆ ನಾಲ್ಕು ಅಂತಸ್ತಿನ ಮನೆಯಷ್ಟು. ಸುತ್ತಳತೆ ಸುಮಾರು 120 ಮೀಟರು. ದುಂಡನೆಯ ಕಟ್ಟಡದ ಒಳಗೋಡೆಯ ಉದ್ದಕ್ಕೂ ಒಂದೇ ಬಟ್ಟೆ ತೂಗುಬಿದ್ದಿದೆ. ನಮ್ಮ ತಲೆಯ ಮೇಲೆ ಒಂದು ಚಪ್ಪರ. ಅದು ಬಿಸಿಲಿಗಲ್ಲ, ಚಿತ್ರದ ಮೇಲಂಚನ್ನು ನಮ್ಮ ಕಣ್ಣಿಗೆ ಬೀಳದಂತೆ ಮರೆಮಾಡಲು. ಛಾವಣಿಯ ಗಾಜಿನಿಂದ ಬರುವ ಹಗಲಿನ ಬೆಳಕು ಚಪ್ಪರದ ಆಚೆಗೆ, ಚಿತ್ರದ ಮೇಲೆ ಮಾತ್ರ ಬೀಳುತ್ತದೆ, ನಾವು ನೆರಳಿನಲ್ಲಿರುತ್ತೇವೆ. ಇನ್ನು ಕೆಳಗಿನ ಅಂಚು. ಅಟ್ಟಣೆಯಿಂದ ಚಿತ್ರದವರೆಗೆ ನಿಜವಾದ ಮರಳನ್ನೇ ಸುರಿದು, ಹುಲ್ಲು ನೆಟ್ಟು, ಮೀನುಗಾರರ ಹಳೆಯ ಸಾಮಾನುಗಳನ್ನು ಅಲ್ಲಲ್ಲಿ ಚೆಲ್ಲಿದ್ದಾರೆ. ನಿಜವಾದ ಮರಳು ಎಲ್ಲಿ ಮುಗಿದು ಬರೆದ ಮರಳು ಎಲ್ಲಿ ಮೊದಲಾಯಿತು ಎಂದು ಕಣ್ಣು ಹೇಳಲಾರದು. ಬಟ್ಟೆ ನಮ್ಮಿಂದ ಸುಮಾರು 14 ಮೀಟರ್ ದೂರದಲ್ಲಿದೆ. ಕಣ್ಣು ಮಾತ್ರ ಹತ್ತು ಮೈಲಿ ಓಡುತ್ತದೆ.

ನಾವಿದ್ದಾಗಲೇ ಹೊರಗೆ ಮೋಡವೊಂದು ಸೂರ್ಯನಿಗೆ ಅಡ್ಡ ಬಂದಿರಬೇಕು. ಕಡಲಿನ ಬಣ್ಣ ನಿಧಾನವಾಗಿ ಕಂದಿತು, ದೋಣಿಗಳ ಹಾಯಿ ಕಪ್ಪಾಯಿತು. ಒಂದೆರಡು ನಿಮಿಷದಲ್ಲಿ ಮತ್ತೆ ಎಲ್ಲವೂ ಬೆಳ್ಳಗಾಯಿತು. ಅತ್ತಿಗೆಯವರು ತಮಗರಿವಿಲ್ಲದೆಯೇ ಸೆರಗನ್ನು ಹೊದ್ದುಕೊಂಡರು. ವಿದ್ಯುದ್ದೀಪದ ಯಾವ ಪ್ರದರ್ಶನಕ್ಕೂ ಈ ಸಹಾಯ ದೊರೆಯಲಾರದು ಎಂದು ನನಗೆ ತೋರಿತು.

ಇದನ್ನು ಬರೆದವನು ಹೆಂಡ್ರಿಕ್ ವಿಲ್ಲೆಮ್ ಮೆಸ್ದಾಖ್. ಹುಟ್ಟಿದ್ದು 1831ರಲ್ಲಿ, ಉತ್ತರದ ಖ್ರೋನಿಂಗನ್ ಪಟ್ಟಣದಲ್ಲಿ. ಮೂವತ್ತೈದು ವರ್ಷ ವಯಸ್ಸಾಗುವವರೆಗೆ ತಂದೆಯ ಲೇವಾದೇವಿಯ ವ್ಯವಹಾರ ನೋಡಿಕೊಂಡಿದ್ದು, ಆಮೇಲೆ ಅದನ್ನು ಬಿಟ್ಟು ಕುಂಚ ಹಿಡಿದ. ಕಡಲನ್ನು ಬರೆಯುವುದೊಂದೇ ಅವನ ಹಂಬಲ. ಅದಕ್ಕಾಗಿ 1869ರಲ್ಲಿ ಹೇಗ್‌ಗೆ ಬಂದು ನೆಲಸಿದ. ಮರುವರ್ಷವೇ ಪ್ಯಾರಿಸಿನ ಪ್ರದರ್ಶನದಲ್ಲಿ ಅವನ ಕಡಲಿಗೆ ಚಿನ್ನದ ಪದಕ ಬಂತು. 1880ರ ಸುಮಾರಿಗೆ ಬೆಲ್ಜಿಯಮ್ಮಿನ ಒಂದು ಕಂಪನಿ ಅವನನ್ನು ಹುಡುಕಿಕೊಂಡು ಬಂದು, ಕಡಲಿನ ಪನೋರಮವೊಂದನ್ನು ಬರೆದುಕೊಡಬೇಕೆಂದು ಕೇಳಿತು.

ಪನೋರಮ ಎಂದರೆ ಗ್ರೀಕ್ ಮಾತಿನಿಂದ ಕಟ್ಟಿದ ಪದ, 'ಎಲ್ಲ ನೋಟ' ಎಂದರ್ಥ. ಎಡಿನ್‌ಬರೋದಲ್ಲಿದ್ದ ರಾಬರ್ಟ್ ಬಾರ್ಕರ್ ಎಂಬ ಐರಿಷ್ ಚಿತ್ರಕಾರ 1787ರಲ್ಲಿ ಈ ಉಪಾಯಕ್ಕೆ ಪೇಟೆಂಟ್ ಪಡೆದ. 1793ರಲ್ಲಿ ಲಂಡನ್ನಿನ ಲೆಸ್ಟರ್ ಚೌಕದಲ್ಲಿ ಅದಕ್ಕಾಗಿಯೇ ದುಂಡನೆಯ ಕಟ್ಟಡ ಕಟ್ಟಿದ. ಮುಂದಿನ ನೂರು ವರ್ಷ ಯೂರೋಪಿಗೆ ಇದೊಂದು ಹುಚ್ಚಾಯಿತು. ಇಂದು ನಾವು ಸಿನೆಮಾಕ್ಕೆ ಹೋಗುವಂತೆ ಅಂದು ಜನ ಪನೋರಮಕ್ಕೆ ಹೋಗುತ್ತಿದ್ದರು. ಬಹುಮಟ್ಟಿಗೆ ಅಲ್ಲಿ ತೋರಿಸುತ್ತಿದ್ದುದು ಯುದ್ಧ.

ಇಲ್ಲಿ ಮೇಷ್ಟರು ನಮ್ಮನ್ನು ಅಟ್ಟಣೆಯ ಬೆಂಚಿನ ಮೇಲೆ ಕುಳ್ಳಿರಿಸಿ ಒಂದು ಸಂಗತಿ ಹೇಳಿದರು. ಕನ್ನಡ ನಾಡಿನವರು ಕೇಳಬೇಕಾದ ಸಂಗತಿ ಅದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಮಡಿದ. ಮರುವರ್ಷ, 1800ರಲ್ಲಿ, ಲಂಡನ್ನಿನ ಲೈಸಿಯಂ ಎಂಬ ಸಭಾಂಗಣದಲ್ಲಿ 'ಶ್ರೀರಂಗಪಟ್ಟಣದ ಲಗ್ಗೆ' ಎಂಬ ಮಹಾಚಿತ್ರವನ್ನು ತೂಗುಹಾಕಿದರು. ಬರೆದವನು ರಾಬರ್ಟ್ ಕೆರ್ ಪೋರ್ಟರ್ ಎಂಬ, ಇನ್ನೂ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಚಿತ್ರದ ಉದ್ದ ಸುಮಾರು 120 ಅಡಿ. ನೋಡುವವರನ್ನು ಬಳಸಿಕೊಳ್ಳುವಂತೆ ಅದನ್ನು ಬಾಗಿಸಿ ನಿಲ್ಲಿಸಿದ್ದರು. ಕೋಟೆಯ ಬಿರುಕು, ಏರುತ್ತಿರುವ ಸೈನಿಕರು, ಹೊಗೆ. ಲಂಡನ್ನಿನ ಜನ ಹಣ ಕೊಟ್ಟು ಮುಗಿಬಿದ್ದು ನೋಡಿದರು.

"ಆ ಹುಡುಗ ಶ್ರೀರಂಗಪಟ್ಟಣವನ್ನು ನೋಡಿದ್ದನೇ?" ಎಂದು ಅತ್ತಿಗೆಯವರು ಕೇಳಿದರು.

"ಎಲ್ಲಿಂದ ನೋಡಬೇಕು! ಆಗ ಅವನು ಭಾರತವನ್ನೇ ಕಂಡವನಲ್ಲ. ಕಾವೇರಿ ಅವನಿಗೆ ಬರಿಯ ಹೆಸರು."

ಆ ಚಿತ್ರ ಈಗ ಇಲ್ಲ. ಕೆಲವು ಕಾಲದ ಮೇಲೆ ಬೆಂಕಿಗೆ ಆಹುತಿಯಾಯಿತು. ಅದನ್ನು ನೋಡಿ ಕೆತ್ತಿದ ಅಚ್ಚುಗಳು ಮಾತ್ರ ಉಳಿದಿವೆ. ದರಿಯಾ ದೌಲತ್‌ನ ಪಡುಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರವನ್ನು ನಾವೆಲ್ಲರೂ ನೋಡಿದ್ದೇವೆ. ಶಾಲೆಯ ಪ್ರವಾಸದಲ್ಲಿ ಅದರ ಮುಂದೆ ಸಾಲಾಗಿ ನಡೆದಿದ್ದೇವೆ. ಅದು ಗೆದ್ದವನು ತನ್ನ ಮನೆಯಲ್ಲಿ ಬರೆಯಿಸಿಕೊಂಡದ್ದು. ಲಂಡನ್ನಿನದು ಆಮೇಲೆ ಗೆದ್ದವರು ತಮ್ಮ ಊರಿನಲ್ಲಿ ಬರೆದುಕೊಂಡದ್ದು. ಎರಡರಲ್ಲಿಯೂ ಶ್ರೀರಂಗಪಟ್ಟಣದ ಬೀದಿಯಲ್ಲಿ ಒಂದು ಸಾಧಾರಣ ದಿನ ಹೇಗಿತ್ತು, ಬಟ್ಟೆ ಒಗೆಯುವವರು ಹೊಳೆಯ ಯಾವ ಕಲ್ಲಿನ ಮೇಲೆ ಒಗೆಯುತ್ತಿದ್ದರು ಎಂಬುದಿಲ್ಲ.

ಮೆಸ್ದಾಖನು ಮಾಡಿದ್ದು ಇದಕ್ಕೆ ತಿರುವುಮುರುವು. ವಿಷಯವನ್ನು ಆರಿಸುವ ಸ್ವಾತಂತ್ರ್ಯ ಅವನಿಗಿತ್ತು. ನೌಕಾಯುದ್ಧವೊಂದನ್ನು ಬರೆಯಬಹುದಿತ್ತು, ಈ ದೇಶದ ಚರಿತ್ರೆಯಲ್ಲಿ ಅವಕ್ಕೇನು ಬರವೇ? ಅವನು ಆರಿಸಿಕೊಂಡದ್ದು ಸ್ಖೇವೆನಿಂಗನ್ನಿನ ಸೇನ್‌ಪೊಸ್ತ್ ಎಂಬ ಎತ್ತರದ ಮರಳ ದಿಬ್ಬವನ್ನು. ಅದರ ಮೇಲೆ ನಿಂತರೆ ಏನೂ ವಿಶೇಷ ನಡೆಯದ ಒಂದು ದಿನ ಕಾಣುವ ನೋಟವನ್ನು. ಊರು ಸಮುದ್ರಸ್ನಾನದ ಶ್ರೀಮಂತರಿಗಾಗಿ ಬೆಳೆಯತೊಡಗಿತ್ತು. ಆ ದಿಬ್ಬವನ್ನು ಕಡಿದು ಕಟ್ಟಡ ಎಬ್ಬಿಸುವ ಯೋಜನೆ ಆಗಲೇ ಸಿದ್ಧವಾಗಿತ್ತು. ದಿಬ್ಬ ಹೋಗುವುದೆಂದು ತಿಳಿದೇ ಅವನು ಅದರ ಮೇಲೆ ಹತ್ತಿ ನಿಂತ. ದೊಡ್ಡದೊಂದು ಗಾಜಿನ ಉರುಳೆಯನ್ನು ನಿಲ್ಲಿಸಿ, ಅದರೊಳಗೆ ತಾನು ಕುಳಿತು, ಗಾಜಿನಾಚೆ ಕಂಡದ್ದನ್ನು ಗಾಜಿನ ಮೇಲೆಯೇ ಸುತ್ತಲೂ ಗೆರೆಯಲ್ಲಿ ಗುರುತಿಸಿಕೊಂಡ. ಅದನ್ನು ಚೌಕಗಳಾಗಿ ಭಾಗಿಸಿ ದೊಡ್ಡದು ಮಾಡಿ ಬಟ್ಟೆಗೆ ಇಳಿಸಿದರು. ಸುಮಾರು ನಾಲ್ಕು ತಿಂಗಳ ಕೆಲಸ. 1881ರ ಆಗಸ್ಟ್ 1ರಂದು ಬಾಗಿಲು ತೆರೆಯಿತು.

ಅವನೊಬ್ಬನೇ ಮಾಡಿದ್ದಲ್ಲ. ಆಕಾಶ ಮತ್ತು ದಿಬ್ಬಗಳಲ್ಲಿ ದ ಬೊಕ್ ಎಂಬವನ ಕೈಯಿದೆ; ಕುದುರೆಯ ಸಿಪಾಯಿಗಳು ಬ್ರೈಟ್ನರ್ ಎಂಬ ತರುಣನವು; ಜನರ ಆಕೃತಿಗಳಲ್ಲಿ ಬ್ಲೊಮ್ಮರ್ಸನ ಪಾಲಿದೆ. ಹಳ್ಳಿಯ ಬಹುಭಾಗ ಮೆಸ್ದಾಖನ ಹೆಂಡತಿ ಸೀನ್‌ತ್ಯೆಯದು. ಇವರ ಒಬ್ಬನೇ ಮಗ 1871ರಲ್ಲಿ ತೀರಿಕೊಂಡಿದ್ದ. ಹೆಂಚಿನ ಮನೆಗಳ ಸಾಲನ್ನು ಅತ್ತಿಗೆಯವರು ಬಹಳ ಹೊತ್ತು ನೋಡಿ, "ಒಗೆದ ಬಟ್ಟೆ, ಹಿತ್ತಿಲು, ಬಾಗಿಲು... ಹೆಂಗಸು ಬರೆದದ್ದೆಂದು ಹೇಳದಿದ್ದರೂ ತಿಳಿಯುತ್ತಿತ್ತು" ಎಂದರು. ಅನಂತರ ಅವರೇ ಕಡಲ ತಡಿಯಲ್ಲಿ ಒಂದು ಬಿಳಿಯ ಚುಕ್ಕೆ ತೋರಿಸಿದರು. ಬಿಳಿಯ ಕೊಡೆಯ ಕೆಳಗೆ ಒಬ್ಬ ಹೆಂಗಸು ಮರಳಿನ ಮೇಲೆ ಕುಳಿತು ಚಿತ್ರ ಬರೆಯುತ್ತಿದ್ದಾಳೆ. ಅವಳೇ ಸೀನ್‌ತ್ಯೆ, ಗಂಡ ಅವಳನ್ನು ಚಿತ್ರದೊಳಗೆ ಕುಳ್ಳಿರಿಸಿದ್ದಾನೆ.

ಅದೇ ಆಗಸ್ಟ್ ತಿಂಗಳಲ್ಲಿ ವಿನ್ಸೆಂಟ್ ವ್ಯಾನ್ ಗೋ ಎಂಬ, ಯಾರಿಗೂ ತಿಳಿಯದ ತರುಣನೊಬ್ಬ ಇಲ್ಲಿಗೆ ಬಂದು ಇದೇ ಅಟ್ಟಣೆಯ ಮೇಲೆ ನಿಂತು ನೋಡಿ, ಮೆಚ್ಚಿ ತಮ್ಮನಿಗೆ ಕಾಗದ ಬರೆದಿದ್ದ. ಇಂದು ಲೋಕದ ಊರೂರುಗಳಲ್ಲಿ ಜನರನ್ನು ಸುತ್ತಿಕೊಳ್ಳುವ ಬೆಳಕಿನ ಚಿತ್ರಗಳು ಬಹುಪಾಲು ಅವನವೇ ಎಂಬುದು ಸ್ವಾರಸ್ಯ. ಮರುವರ್ಷ ಅವನೂ ಸ್ಖೇವೆನಿಂಗನ್ನಿನ ದಡದಲ್ಲಿ ಗಾಳಿಯ ದಿನವೊಂದರಲ್ಲಿ ಕಡಲನ್ನು ಬರೆದ. ಹಾರಿ ಬಂದ ಮರಳು ಹಸಿಬಣ್ಣಕ್ಕೆ ಅಂಟಿ, ಅದರ ಕಣಗಳು ಇಂದಿಗೂ ಚಿತ್ರದಲ್ಲಿವೆ. ಆ ಚಿತ್ರ 2002ರಲ್ಲಿ ಆಮ್‌ಸ್ಟರ್‌ಡಾಮಿನ ವಸ್ತುಸಂಗ್ರಹಾಲಯದಿಂದ ಕಳುವಾಗಿ, 2016ರಲ್ಲಿ ಇಟಲಿಯಲ್ಲಿ ಸಿಕ್ಕಿತು. ಮರಳು ಬಿಡದೆ ಜೊತೆಗೇ ಹೋಗಿ ಬಂದಿತು!

ನಾವೆಲ್ಲ ಹೀಗೆ ಮಾತಾಡುತ್ತಿದ್ದರೆ ಕಾರವಾರದ ಗೆಳೆಯರು ಮಾತ್ರ ಅಟ್ಟಣೆಯ ಕಡಲ ಮಗ್ಗುಲಿನಿಂದ ಕದಲಿರಲಿಲ್ಲ. ನಾನು ಹತ್ತಿರ ಹೋದೆ.

"ಈ ಊರಿಗೆ ಆಗ ಬಂದರು ಇರಲಿಲ್ಲ" ಎಂದರು ಅವರು. "ದೋಣಿಯ ತಳ ನೋಡಿ, ಚಪ್ಪಟೆ. ಅಲೆಯ ಜೊತೆ ಬಂದು ಮರಳಿನ ಮೇಲೆ ಕೂರುವಂತೆ ಮಾಡಿದ್ದಾರೆ. ಬಂದರಿದ್ದವರು ಹೀಗೆ ದೋಣಿ ಕಟ್ಟುವುದಿಲ್ಲ."

ಅವರ ಮಾತು ಸರಿ. 1894ರ ಡಿಸೆಂಬರಿನ ಬಿರುಗಾಳಿಯಲ್ಲಿ ದಡದ ಮೇಲಿದ್ದ ದೋಣಿಗಳಿಗೆ ಭಾರಿ ಹಾನಿಯಾದ ಮೇಲೆ, 1904ರಲ್ಲಿ ಅಲ್ಲಿ ಬಂದರಾಯಿತು. ಆ ಚಪ್ಪಟೆ ತಳದ ದೋಣಿಗಳ ಕಾಲ ಅಲ್ಲಿಗೆ ಮುಗಿಯುತ್ತ ಬಂತು.

ಗೆಳೆಯರು ಹುಟ್ಟಿದ ಊರು ಕಾರವಾರದ ತೆಂಕಣಕ್ಕೆ, ಗುಡ್ಡದ ಬುಡದ ಒಂದು ಸಣ್ಣ ಕಡಲ ಹಳ್ಳಿ. ಅವರ ತಂದೆಯ ಕಾಲದಲ್ಲಿ ರಂಪಣಿ ಬಲೆ ಬಿಟ್ಟರೆ ಇಡೀ ಕೇರಿಯೇ ದಡಕ್ಕೆ ಬಂದು ಎರಡು ತುದಿಗಳಿಂದ ಹಗ್ಗ ಹಿಡಿದು ಎಳೆಯುತ್ತಿತ್ತಂತೆ. ಬಂಗಡೆ ರಾಶಿ ಬಿದ್ದಾಗ ಎಳೆದ ಪ್ರತಿಯೊಬ್ಬನಿಗೂ ಪಾಲು. 1970ರ ದಶಕದಲ್ಲಿ ಯಂತ್ರದ ದೋಣಿಗಳ ದೊಡ್ಡ ಬಲೆಗಳು ಬಂದ ಮೇಲೆ ರಂಪಣಿ ಸೊರಗಿತು. ಅದಾದ ಮೇಲೆ ಊರೇ ಹೋಯಿತು. ದೇಶಕ್ಕೆ ಬೇಕಾದ ದೊಡ್ಡ ಕೆಲಸವೊಂದಕ್ಕೆ ಆ ದಡ ಬೇಕಾಗಿತ್ತು. ಜನರಿಗೆ ಬೇರೆ ಕಡೆ ಜಾಗ ಕೊಟ್ಟರು. ಇವರು ಅಷ್ಟರಲ್ಲಿ ಕಾಲೇಜಿಗೆಂದು ಧಾರವಾಡದಲ್ಲಿದ್ದರು. ಇದನ್ನೆಲ್ಲ ನಾನು ತುಂಡುತುಂಡಾಗಿ ಮೊದಲೂ ಕೇಳಿದ್ದೆ. ಅಂದು ಅವರು ಹೇಳಿದ್ದು ಒಂದೇ ಮಾತು:

"ನಮ್ಮ ದಿಬ್ಬದ ಮೇಲೆ ಯಾರೂ ಹತ್ತಲಿಲ್ಲ. ಒಂದು ಫೋಟೋ ಕೂಡ ಇಲ್ಲ."

ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಬರೆದ ಕಡಲನ್ನು ನೋಡುತ್ತ ನಿಂತೆವು.

ಚಿತ್ರ ಉಳಿದ ಕಥೆಯನ್ನೂ ಹೇಳಬೇಕು. ಜನಕ್ಕೆ ಯುದ್ಧದಷ್ಟು ರುಚಿಸದಿದ್ದುದರಿಂದಲೋ ಏನೋ, ಕಂಪನಿ 1886ರಲ್ಲಿ ದಿವಾಳಿ ಎದ್ದಿತು. ಹರಾಜಿನಲ್ಲಿ ಮೆಸ್ದಾಖನೇ ತನ್ನ ಚಿತ್ರವನ್ನು ಕೊಂಡುಕೊಂಡ. ಅವನು 1915ರಲ್ಲಿ ಸಾಯುವ ಮೊದಲೇ ಅದನ್ನು ಬಂಧುಗಳ ವಶಕ್ಕೆ ಒಪ್ಪಿಸಿದ್ದ. ಸಿನೆಮಾ ಬಂದು ಯೂರೋಪಿನ ಪನೋರಮಗಳಲ್ಲಿ ಬಹುಪಾಲು ಹರಿದು, ಸುಟ್ಟು, ಕಾಣೆಯಾದವು. ಇದು ಮಾತ್ರ ಬರೆದ ಕಟ್ಟಡದಲ್ಲಿಯೇ ಇಂದಿಗೂ ತೂಗುತ್ತಿದೆ.

ಮಧ್ಯಾಹ್ನ ಟ್ರಾಮು ಹಿಡಿದು ನಿಜವಾದ ಸ್ಖೇವೆನಿಂಗನ್ನಿಗೆ ಹೋದೆವು. ಊರಿನ ಹೆಸರಿನ ಮೊದಲಕ್ಷರ ಗಂಟಲಿನ ಆಳದಿಂದ ಬರಬೇಕು. ಮಹಾಯುದ್ಧದ ಕಾಲದಲ್ಲಿ ಡಚ್ಚರು ಈ ಹೆಸರನ್ನು ಹೇಳಿಸಿಯೇ ಜರ್ಮನ್ ಗೂಢಚಾರರನ್ನು ಪತ್ತೆ ಹಚ್ಚುತ್ತಿದ್ದರೆಂದು ಪ್ರತೀತಿ. ಮೇಷ್ಟರು ದಾರಿಯುದ್ದಕ್ಕೂ ಅಭ್ಯಾಸ ಮಾಡಿ ಪಕ್ಕದ ಸೀಟಿನ ಮಗುವನ್ನು ಅಳಿಸಿದರು.

ದಡದಲ್ಲಿ ಈಗ ಹೋಟೆಲುಗಳ ಗೋಡೆಯೇ ನಿಂತಿದೆ. ಕುರ್‌ಹೌಸ್ ಎಂಬ ಭವ್ಯ ಕಟ್ಟಡ ಚಿತ್ರ ಮುಗಿದ ನಾಲ್ಕು ವರ್ಷಕ್ಕೆ ಎದ್ದದ್ದು. ಕಡಲೊಳಕ್ಕೆ ಚಾಚಿದ ಕಟ್ಟೆ 1961ರದು. ಹುರಿದ ಆಲೂಗಡ್ಡೆಯ ವಾಸನೆ, ಮಕ್ಕಳ ಕೇಕೆ, ಕಿವಿ ತುಂಬುವ ಗಾಳಿ. ನಾವು ಒಂದು ಆಟ ಹೂಡಿದೆವು: ಬೆಳಿಗ್ಗೆ ಕಂಡದ್ದರಲ್ಲಿ ಏನೇನು ಉಳಿದಿದೆ? ಇಗರ್ಜಿಯ ಗೋಪುರವನ್ನು ಅತ್ತಿಗೆಯವರು ಗುರುತಿಸಿದರು. ಕೆಂಪು ದೀಪಸ್ತಂಭ ನನ್ನ ಪಾಲಿಗೆ. ದೊರೆ ಒಂದನೆಯ ವಿಲ್ಲೆಮ್ 1826ರಲ್ಲಿ ತನ್ನ ರಾಣಿಗಾಗಿ ಕಟ್ಟಿಸಿದ ಬಿಳಿಯ ಬಂಗಲೆಯನ್ನು ಇಂಜಿನಿಯರರು ಹುಡುಕಿದರು. ಅದರ ಬುಡದ ಮರಳಿನಲ್ಲಿ ಹುದುಗಿದಂತೆ 1994ರಲ್ಲಿ ಒಂದು ಶಿಲ್ಪಗಳ ಸಂಗ್ರಹಾಲಯ ಕಟ್ಟಿದ್ದಾರೆ. ಸೇನ್‌ಪೊಸ್ತ್ ಎಂಬ ಹೆಸರು ಆ ಮಗ್ಗುಲಲ್ಲಿ ಇನ್ನೂ ಇದೆ. ಬೆಳಿಗ್ಗೆ ನಾವು ನಿಂತಿದ್ದ ಎತ್ತರ ಮಾತ್ರ ಇಲ್ಲ.

ಗೆಳೆಯರು ಆಟಕ್ಕೆ ಸೇರಲಿಲ್ಲ. ನೀರಿನ ಹತ್ತಿರ ಕುಳಿತು, ಚಿತ್ರಾನ್ನ ತಿಂದು ಮುಗಿಸಿ, ಒದ್ದೆಮರಳಿನ ಮೇಲೆ ಬೆರಳಿನಿಂದ ಏನೋ ಗೀಚುತ್ತಿದ್ದರು. ಅತ್ತಿಗೆಯವರು ಪಕ್ಕದಲ್ಲಿ ಕುಳಿತು, "ಇದು ನಿಮ್ಮ ಮನೆಯೇ?" ಎಂದರು.

"ಅಲ್ಲ ಅತ್ತಿಗೆ, ಇದು ದೇವಸ್ಥಾನ. ಮನೆ ಇಲ್ಲಿ, ತೋಡಿನ ಈಚೆಗೆ. ಇದು ದೋಣಿ ಎಳೆದು ಹಾಕುತ್ತಿದ್ದ ಜಾಗ."

"ಬಾವಿ?"

ಅವರು ತಡೆದು ಯೋಚಿಸಿದರು. "ಬಾವಿ ದೇವಸ್ಥಾನದ ಹಿಂದೆ. ಅಲ್ಲ... ಬಲಕ್ಕೆ. ನೇರಳೆ ಮರದ ಕೆಳಗೆ."

ಸಂಜೆಯ ರೈಲಿನಲ್ಲಿ ಎಲ್ಲರೂ ದಣಿದಿದ್ದೆವು. ಇಂಜಿನಿಯರರು ತಾವು ಇನ್ನೂ ಬೆಳಕಿನ ಪ್ರದರ್ಶನವನ್ನು ಬಿಟ್ಟುಕೊಟ್ಟಿಲ್ಲವೆಂದೂ ಮುಂದಿನ ವಾರ ಅಲ್ಲಿಗೆ ಹೋಗಲೇಬೇಕೆಂದೂ ಹೇಳಿ ನಿದ್ದೆಹೋದರು. ಗೆಳೆಯರು ಮೇಷ್ಟರ ಜೇಬಿನಿಂದ ಪೆನ್ನು ತೆಗೆದುಕೊಂಡು, ವಸ್ತುಸಂಗ್ರಹಾಲಯದಲ್ಲಿ ಕೊಟ್ಟಿದ್ದ ಕಾಗದದ ಖಾಲಿ ಮಗ್ಗುಲನ್ನು ತೊಡೆಯ ಮೇಲಿಟ್ಟುಕೊಂಡರು. ಗುಡ್ಡದ ಗೆರೆಯಿಂದ ಮೊದಲು ಮಾಡಿದರು. ಲೈಡನ್ ನಿಲ್ದಾಣ ಬರುವ ಹೊತ್ತಿಗೆ ಕಾಗದ ತುಂಬಿತ್ತು. ಊರು ಇನ್ನೂ ಅರ್ಧ ಉಳಿದಿತ್ತು. ಅವರು ತಲೆಯೆತ್ತಿ, ಯಾರ ಹತ್ತಿರವಾದರೂ ಇನ್ನೊಂದು ಹಾಳೆ ಇದೆಯೇ ಎಂದು ಕೇಳಿದರು.